ಶೇರ್ ಕಾರಿನಲ್ಲಿ ಯಾರ ಇಷ್ಟಕ್ಕೆ ಯಾರ ದುಡ್ಡು? ಹುಬ್ಬಳ್ಳಿ–ಗದಗ ದಾರಿಗೊಂದು ಲೆಕ್ಕ

ಟಂಟಂ ಆಟೋ ತುಂಬುವ ತನಕ ಹೊರಡುವುದಿಲ್ಲ. ಮೊದಲು ಹತ್ತಿದವರು ಇಪ್ಪತ್ತು ನಿಮಿಷ ಕಾಯುತ್ತಾರೆ, ಕೊನೆಗೆ ಹತ್ತಿದವರು ಕೂತ ಕೂಡಲೇ ಹೊರಡುತ್ತಾರೆ, ಬಾಡಿಗೆ ಮಾತ್ರ ಇಬ್ಬರಿಗೂ ಒಂದೇ. ಗಾಡಿ ಖಾಲಿ ಹೋಗಬಾರದು ಎಂಬ ಖರ್ಚನ್ನು ಇಲ್ಲಿ ಮೊದಲು ಬಂದವರ ಸಮಯದಿಂದ ವಸೂಲಿ ಮಾಡಲಾಗಿದೆ. ಯಾರೂ ಕೂತು ಹೀಗೆ ಮಾಡೋಣ ಎಂದು ನಿರ್ಧರಿಸಿದ್ದಲ್ಲ, ಆದರೂ ಅದು ನಿರ್ಧಾರವೇ. ಶೇರ್ ಸವಾರಿಯಲ್ಲಿ ಪ್ರತಿಯೊಂದು ಇಷ್ಟಕ್ಕೂ ಒಂದು ಖರ್ಚಿದೆ. ಮುಂದಿನ ಸೀಟು, ಮನೆ ಬಾಗಿಲಿಗೆ ಇಳಿಸುವುದು, ಹೆಂಗಸರೇ ಇರುವ ಕಾರು, ಐದು ನಿಮಿಷ ತಡ, ಎಲ್ಲಕ್ಕೂ. ಸೇವೆ ಕಟ್ಟುವವರ ಮುಖ್ಯ ಕೆಲಸ ಆ ಖರ್ಚು ಯಾರ ತಲೆ ಮೇಲೆ ಬೀಳಬೇಕು ಎಂದು ಮೊದಲೇ ಬರೆದಿಡುವುದು. ಆ್ಯಪ್ ಆಮೇಲೆ. ಐವತ್ತು ಪ್ರಯಾಣಿಕರ ತನಕ ಒಂದು ಸ್ಪ್ರೆಡ್‌ಶೀಟು, ಒಂದು ಫೋನ್ ನಂಬರು ಸಾಕು.

ಮೊದಲು ದಾರಿ ಆರಿಸಿ. ಹುಬ್ಬಳ್ಳಿ–ಧಾರವಾಡದ ನಡುವಿನ ನೇರ ರಸ್ತೆಯಲ್ಲಿ ಶುರು ಮಾಡಬೇಡಿ. ಅಲ್ಲಿ ಚಿಗರಿ ಎಂಬ ತ್ವರಿತ ಬಸ್ಸಿಗೆ ತನ್ನದೇ ಲೇನ್ ಇದೆ, ನಿಮ್ಮ ಕಾರು ಪಕ್ಕದ ರಸ್ತೆಯಲ್ಲಿ ಸಿಗ್ನಲ್ಲಿಗೆ ನಿಂತಿರುವಾಗ ಅದು ಮುಂದೆ ಹೋಗಿರುತ್ತದೆ. ಶೇರ್ ಕಾರಿಗೆ ಬೆಲೆ ಬರುವುದು ಚಿಗರಿ ಬಿಟ್ಟು ಹೋದ ಮೂಲೆಗಳಲ್ಲಿ: ಗೋಕುಲ ರಸ್ತೆಯಿಂದ ಧಾರವಾಡ ಐಐಟಿ ಕಡೆಗೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಿಗೆ, ಅಥವಾ ದಿನಾ ಹುಬ್ಬಳ್ಳಿಯಿಂದ ಅಣ್ಣಿಗೇರಿ, ಹುಲಕೋಟಿ, ಗದಗಕ್ಕೆ ಅಡ್ಡಾಡುವ ಶಿಕ್ಷಕರು, ಬ್ಯಾಂಕಿನವರು, ಆಸ್ಪತ್ರೆ ಸಿಬ್ಬಂದಿ ಇರುವ ದಾರಿಗೆ. ಕೆಳಗಿನ ಲೆಕ್ಕಗಳಿಗೆ ಈ ಕೊನೆಯ ದಾರಿಯನ್ನೇ ಇಟ್ಟುಕೊಳ್ಳೋಣ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಟಿಕೆಟ್ ಇಲ್ಲ ಎನ್ನುವುದನ್ನೂ ಮರೆಯಬೇಡಿ. ಉಚಿತ ಬಸ್ ಬಿಟ್ಟು ನಿಮ್ಮ ಕಾರಿಗೆ ಬರುವ ಹೆಂಗಸರು ಸಮಯಕ್ಕಾಗಿ, ಸುರಕ್ಷತೆಗಾಗಿ ದುಡ್ಡು ಕೊಡುತ್ತಿದ್ದಾರೆ. ಅದೆರಡೂ ತಪ್ಪಿದರೆ ಮರುದಿನ ಬಸ್ಸಿಗೇ ಹೋಗುತ್ತಾರೆ.

ಕಾನೂನಿನ ಮಾತು ಚಿಕ್ಕದಾಗಿ. ಬಿಳಿ ಬೋರ್ಡಿನ ಕಾರಿನಲ್ಲಿ ಬಾಡಿಗೆ ಪಡೆದು ಮಂದಿ ಕರೆದೊಯ್ಯುವಂತಿಲ್ಲ, ಹಳದಿ ಬೋರ್ಡು, ಪರ್ಮಿಟ್ ಬೇಕು. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಅದನ್ನೇ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಚಾಲಕನನ್ನು ಬಿಟ್ಟು ಆರು ಜನರ ತನಕ ಕೂರುವ ಗಾಡಿ ಮೋಟಾರು ಕ್ಯಾಬ್, ಏಳರಿಂದ ಹನ್ನೆರಡಾದರೆ ಮ್ಯಾಕ್ಸಿ ಕ್ಯಾಬ್. ಎರಡೂ ಒಪ್ಪಂದದ ಮೇಲೆ ಓಡುವ ಗಾಡಿಗಳು, ಅಂದರೆ ಕಾಂಟ್ರಾಕ್ಟ್ ಕ್ಯಾರೇಜ್; ಒಪ್ಪಂದದಲ್ಲಿ ಇಲ್ಲದವರನ್ನು ದಾರಿಯಲ್ಲಿ ಹತ್ತಿಸಿಕೊಳ್ಳುವುದು ಅವಕ್ಕೆ ನಿಷಿದ್ಧ. ಆದ್ದರಿಂದ ತಿಂಗಳ ಸದಸ್ಯರ ಪಟ್ಟಿ ಇಟ್ಟು, ದಿನದ ಪ್ರಯಾಣಿಕರ ಹೆಸರು ಗಾಡಿಯಲ್ಲಿಡಿ. ಹತ್ತು ಹೆಜ್ಜೆಗೊಮ್ಮೆ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳುವ ಅಭ್ಯಾಸ ಚಾಲಕನಿಗೆ ಬೇಡ. ಪ್ರಯಾಣಿಕರನ್ನೂ ಚಾಲಕರನ್ನೂ ಆ್ಯಪ್ ಮೂಲಕ ಜೋಡಿಸುವ ಮಟ್ಟಕ್ಕೆ ಬೆಳೆದರೆ ಅಗ್ರಿಗೇಟರ್ ಲೈಸೆನ್ಸಿನ ಪ್ರಶ್ನೆ ಬರುತ್ತದೆ. ನಿಮ್ಮ ಮಾದರಿಯನ್ನು ಒಂದು ಹಾಳೆಯಲ್ಲಿ ಬರೆದು ಗಾಡಿ ನೋಂದಣಿಯಾದ ಆರ್‌ಟಿಓ ಕಚೇರಿಗೆ ಕೊಟ್ಟು, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿಗೆ ಸಿಕ್ಕ "ನಡೀತೈತಿ ಬಿಡ್ರಿ" ಎನ್ನುವುದು ಚೆಕ್‌ಪೋಸ್ಟಿನಲ್ಲಿ ನಡೆಯುವುದಿಲ್ಲ.

ಇಷ್ಟಗಳನ್ನು ಮೂರು ಗೂಡಿಗೆ ಹಾಕಿ

ಹೊಸದಾಗಿ ಸೇವೆ ಕಟ್ಟುವವರು ಮಾಡುವ ದೊಡ್ಡ ತಪ್ಪು ಎಲ್ಲ ಆಯ್ಕೆಗಳನ್ನೂ ಒಂದೇ ಪಟ್ಟಿಯಲ್ಲಿ ಟಿಕ್ ಬಾಕ್ಸ್ ಮಾಡಿ ಇಡುವುದು. "ಗಾಲಿಕುರ್ಚಿಗೆ ಜಾಗ" ಮತ್ತು "ಹಾಡು ಬೇಡ" ಒಂದರ ಕೆಳಗೊಂದು ಕೂತರೆ ಕಂಪ್ಯೂಟರಿಗೆ ಎರಡೂ ಒಂದೇ ತೂಕ.

ಮೊದಲ ಗೂಡು ಹಕ್ಕು. ಗಾಲಿಕುರ್ಚಿ, ಊರುಗೋಲು, ಗರ್ಭಿಣಿಗೆ ಮುಂದಿನ ಸೀಟು, ಕತ್ತಲಾದ ಮೇಲೆ ಒಬ್ಬರೇ ಇರುವ ಹೆಂಗಸನ್ನು ಮನೆ ಬಾಗಿಲಿಗೇ ಇಳಿಸುವುದು, ಹೆಂಗಸರ ಜೊತೆಗೇ ಹೋಗಬೇಕೆಂಬ ಆಯ್ಕೆ. ಇದಕ್ಕೆ ಕಾರಣ ಕೇಳಬಾರದು, ಹೆಚ್ಚು ದುಡ್ಡೂ ಕೇಳಬಾರದು. ಕೇಂದ್ರ ಸರ್ಕಾರ 2020ರ ನವೆಂಬರ್‌ನಲ್ಲಿ ಹೊರಡಿಸಿದ ಅಗ್ರಿಗೇಟರ್ ಮಾರ್ಗಸೂಚಿಯಲ್ಲೂ ಮಹಿಳೆಯರ ಜೊತೆಗಷ್ಟೇ ಸವಾರಿ ಹಂಚಿಕೊಳ್ಳುವ ಆಯ್ಕೆ ಕೊಡಬೇಕೆಂದು ಇತ್ತು.

ಎರಡನೆಯದು ಗಡುವು: 9.30ಕ್ಕೆ ಗದಗ ಶಾಲೆಯಲ್ಲಿ ಹಾಜರಿ, 40 ಲೀಟರಿನ ಚೀಲ, ಇಂತಿಷ್ಟಕ್ಕಿಂತ ಹೆಚ್ಚು ನಡೆಯಲಾಗದು. ಇದನ್ನು ಮೀರಿದರೆ ಸೇವೆ ಆ ಮನುಷ್ಯನಿಗೆ ಉಪಯೋಗವೇ ಇಲ್ಲ. ಆದರೆ ಖರ್ಚಿನಲ್ಲಿ ಆತನಿಗೂ ಪಾಲಿದೆ.

ಮೂರನೆಯದು ರುಚಿ: ಕಿಟಕಿ, ಮಾತು, ಮೌನ, ಹಾಡು. ಒಬ್ಬರಿಗೆ ಎರಡು ರುಚಿ ಮಾತ್ರ ಬರೆಯಲು ಬಿಡಿ. ಮಿತಿ ಇಲ್ಲದಿದ್ದರೆ ಎಲ್ಲದಕ್ಕೂ ಟಿಕ್ ಹಾಕುತ್ತಾರೆ, ಯಾಕೆಂದರೆ ಟಿಕ್ ಹಾಕಲು ಖರ್ಚಿಲ್ಲ.

ಎಸಿಯನ್ನು ಯಾವ ಗೂಡಿಗೂ ಹಾಕಬೇಡಿ, ಗಾಡಿಗೇ ಅಂಟಿಸಿಬಿಡಿ: ಇದು ಎಸಿ ಕಾರು, ಇದು ಅಲ್ಲ, ದರ ಬೇರೆ. ದಿನಾ ಕಾರಿನೊಳಗೆ ಕೈ ಎತ್ತಿಸಿ ನಿರ್ಧರಿಸಿದರೆ ಅದೇ ಮೂವರು ಗೆಲ್ಲುತ್ತಾರೆ, ಅದೇ ಒಬ್ಬರು ತಿಂಗಳಿಡೀ ಬೆವರುತ್ತಾರೆ. ಏಪ್ರಿಲ್‌ನಲ್ಲಿ ಈ ಒಂದು ಜಗಳಕ್ಕೇ ಗುಂಪು ಒಡೆಯಬಹುದು.

ಮತ್ತೆ, ಯಾವ ಗೂಡಿಗೂ ಹೋಗಬಾರದ ಇಷ್ಟಗಳಿವೆ. ಜಾತಿ, ಧರ್ಮ, ಅಡ್ಡಹೆಸರು, ಮನೆಮಾತು. "ಸಸ್ಯಾಹಾರಿಗಳ ಜೊತೆ ಮಾತ್ರ" ಎನ್ನುವುದು ಹಿಂಬಾಗಿಲಿನಿಂದ ಜಾತಿ ಕೇಳಿದ ಹಾಗೆ. ಅದರ ಬದಲು "ಕಾರಿನಲ್ಲಿ ಯಾರೂ ಏನೂ ತಿನ್ನುವಂತಿಲ್ಲ" ಎಂಬ ನಿಯಮ ಹಾಕಿದರೆ ವಾಸನೆಯ ತಕರಾರು ಮುಗಿಯುತ್ತದೆ. ಆಯ್ಕೆಯಲ್ಲೇ ಇಲ್ಲದಿದ್ದರೂ ಭೇದ ನುಸುಳುವ ಇನ್ನೊಂದು ದಾರಿ ರದ್ದು ಗುಂಡಿ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಬಾಸ್ಟನ್‌ನಲ್ಲಿ ಕರಿಯರದ್ದೆಂದು ತೋರುವ ಹೆಸರುಗಳಿಗೆ ಚಾಲಕರು ಎರಡು ಪಟ್ಟಿಗಿಂತ ಹೆಚ್ಚು ರದ್ದು ಮಾಡುತ್ತಿದ್ದುದನ್ನು ಕಂಡಿತು. ನಮ್ಮಲ್ಲಿ ಹೆಸರಿಗೆ ಊರು, ಮನೆತನ ಅಂಟಿಕೊಂಡೇ ಬರುವುದರಿಂದ ಅಪಾಯ ಇನ್ನೂ ಹೆಚ್ಚು. ಕಾರು ಗೊತ್ತಾಗುವ ತನಕ ಚಾಲಕನಿಗಾಗಲಿ ಸಹಪ್ರಯಾಣಿಕರಿಗಾಗಲಿ ನಿಲ್ದಾಣ ಮತ್ತು ಸೀಟ್ ನಂಬರ್ ಮಾತ್ರ ತೋರಿಸಿ. ಸುರಕ್ಷತೆಗೆ ಬೇಕಾದ ಹೆಸರು, ಫೋಟೊ ಆಮೇಲೆ. ಅವು ಕಂಡ ಮೇಲೆ ರದ್ದು ಮಾಡಿದವರ ಲೆಕ್ಕ ಬೇರೆ ಇಡಿ.

ಕೇಳುವಾಗ "ಇಷ್ಟವೇ?" ಎಂದು ಕೇಳಬೇಡಿ

ಇಷ್ಟವೇ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವ ಪ್ರಶ್ನೆ ಕೇಳಿ. "ಮನೆ ಬಾಗಿಲಿಗೆ ಬಂದರೆ 60 ರೂಪಾಯಿ ಹೆಚ್ಚು, ಮುಖ್ಯ ರಸ್ತೆಗೆ ನಡೆದು ಬಂದರೆ ಇಲ್ಲ. ಯಾವುದು?" "10 ನಿಮಿಷ ತಡವಾದರೆ 20 ರೂಪಾಯಿ ಕಡಿಮೆ. ಒಪ್ಪಿಗೆಯೇ? 25 ರೂಪಾಯಿ ಆದರೆ? 30 ಆದರೆ?" ಮೊತ್ತ ಏರಿಸುತ್ತ ಹೋಗಿ, "ಆಗಲಿ" ಎಂದ ಜಾಗದಲ್ಲಿ ನಿಲ್ಲಿಸಿದರೆ ಆ ವ್ಯಕ್ತಿಗೆ ಒಂದು ನಿಮಿಷ ಎಷ್ಟು ರೂಪಾಯಿ ಎಂಬುದು ಸಿಗುತ್ತದೆ. ಎಲ್ಲರ ಉತ್ತರಗಳನ್ನು ಸಾಲಾಗಿ ಬರೆದು ಸರಾಸರಿಯ ಬದಲು ನಡುವಿನದನ್ನು ತೆಗೆದುಕೊಳ್ಳಿ. ಒಬ್ಬ ಡಾಕ್ಟರು ಐವತ್ತು ಎಂದರೆ ಸರಾಸರಿ ಕೆಡುತ್ತದೆ.

ಎಂಟು ಪ್ರಶ್ನೆ, ಕನ್ನಡದಲ್ಲಿ, ಐದು ನಿಮಿಷಕ್ಕೆ ಮುಗಿಯುವಂತೆ. ಅರವತ್ತು ಜನ ಸಾಕು, ಆದರೆ ಅವರಲ್ಲಿ ಕೀಪ್ಯಾಡ್ ಫೋನಿನವರು, ಸಂಜೆ ಪಾಳಿಯವರು, ಊರ ಹೊರಗಿನ ನಿಲ್ದಾಣದವರು ಇರಲೇಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಲಿಂಕ್ ಹಾಕಿ ಬಿಟ್ಟರೆ ಹುಬ್ಬಳ್ಳಿಯ ಅನುಕೂಲಸ್ಥ ಬಡಾವಣೆಗಳಾದ ಕೇಶ್ವಾಪುರ, ವಿದ್ಯಾನಗರದ ಉತ್ತರಗಳಷ್ಟೇ ಬರುತ್ತವೆ. ಯಾವ ಮಾಹಿತಿ ಯಾಕೆ ಎಂಬುದನ್ನು ನಮೂನೆಯ ಮೇಲೇ ಬರೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಇರಬೇಕೆನ್ನುತ್ತದೆ. ಕನ್ನಡವೂ ಅದರಲ್ಲಿದೆ.

ಬಾಡಿಗೆ ಹಂಚುವುದು

ಕಾರು ಹುಬ್ಬಳ್ಳಿ ಬಿಟ್ಟಿತು. ಒಬ್ಬರು ಅಣ್ಣಿಗೇರಿಗೆ, ಒಬ್ಬರು ಹುಲಕೋಟಿಗೆ, ಒಬ್ಬರು ಗದಗಕ್ಕೆ. ಲೆಕ್ಕಕ್ಕೆ ಸರಿಯಾಗಲೆಂದು ದೂರಗಳನ್ನು 36, 48, 60 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಇಂಧನ, ಚಾಲಕನ ಕೂಲಿ, ಗಾಡಿಯ ಸವಕಳಿ ಸೇರಿ ಕಿಲೋಮೀಟರಿಗೆ 15 ರೂಪಾಯಿ ಎಂದರೆ ಒಟ್ಟು 900.

ಸಮನಾಗಿ ಹಂಚಿದರೆ ತಲೆಗೆ 300. ಅಣ್ಣಿಗೇರಿಯವರು ಎರಡೇ ದಿನಕ್ಕೆ ಬಿಡುತ್ತಾರೆ.

ಪ್ರಮಾಣದ ಲೆಕ್ಕ: ಒಬ್ಬರೇ ಹೋಗಿದ್ದರೆ ಕ್ರಮವಾಗಿ 540, 720, 900 ಆಗುತ್ತಿತ್ತು, ಕೂಡಿದರೆ 2160. ಅದೇ ಪ್ರಮಾಣದಲ್ಲಿ 900ನ್ನು ಹಂಚಿದರೆ 225, 300, 375. ಎಲ್ಲರಿಗೂ ಶೇಕಡಾವಾರು ಒಂದೇ ರಿಯಾಯಿತಿ.

ತುಂಡಿನ ಲೆಕ್ಕ: ರಸ್ತೆಯನ್ನು ತುಂಡು ಮಾಡಿ, ಆ ತುಂಡಿನಲ್ಲಿ ಕಾರಿನಲ್ಲಿದ್ದವರು ಮಾತ್ರ ಅದನ್ನು ಹಂಚಿಕೊಳ್ಳುವುದು. ಮೊದಲ 36 ಕಿ.ಮೀ.ಗೆ 540, ಮೂವರಿಗೆ ತಲಾ 180. ಮುಂದಿನ 12ಕ್ಕೆ 180, ಇಬ್ಬರಿಗೆ ತಲಾ 90. ಕೊನೆಯ 12ರ 180 ಗದಗದವರೊಬ್ಬರದೇ. ಕೂಡಿದರೆ 180, 270, 450.

ಎರಡರಲ್ಲಿ ತುಂಡಿನ ಲೆಕ್ಕವೇ ಒಳ್ಳೆಯದು. ಅಮೆರಿಕದ ಗಣಿತಜ್ಞ ಲಾಯ್ಡ್ ಶಾಪ್ಲಿ 1953ರಲ್ಲಿ ಕೂಡಿ ಗಳಿಸಿದ್ದನ್ನು ಹಂಚಲು ಕೊಟ್ಟ ಗಣಿತದ ಸೂತ್ರವನ್ನು ಇಂಥ ನೇರ ದಾರಿಯ ಖರ್ಚಿಗೆ ಹಾಕಿದರೆ ಇದೇ ಉತ್ತರ ಬರುತ್ತದೆ. ದೊಡ್ಡ ವಿಮಾನ, ಸಣ್ಣ ವಿಮಾನ ಒಂದೇ ರನ್‌ವೇಯ ಖರ್ಚನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಲೆಕ್ಕಕ್ಕೆ 1973ರಲ್ಲಿ ಬಳಸಿದ್ದೂ ಇದನ್ನೇ. ಅದಕ್ಕಿಂತ ಮುಖ್ಯವಾದದ್ದು, ಪ್ರಯಾಣಿಕರು ಬೆರಳ ಮೇಲೆ ಎಣಿಸಿ ತಾಳೆ ನೋಡಬಹುದು. ನ್ಯಾಯವಾಗಿದ್ದೂ ಯಾರಿಗೂ ಅರ್ಥವಾಗದ ಬಿಲ್ಲು ಮೋಸದ ಬಿಲ್ಲಿನ ಹಾಗೇ ಕಾಣುತ್ತದೆ. ಗದಗದವರಿಗೆ ಭಾರ ಹೆಚ್ಚೆನಿಸಿದರೆ ಪ್ರಮಾಣದ ಲೆಕ್ಕ ಹಿಡಿಯಿರಿ, ಆದರೆ ದಿನಕ್ಕೊಂದು ಸೂತ್ರ ಬದಲಾಯಿಸಬೇಡಿ.

ಈಗ ಇಷ್ಟದ ಖರ್ಚು. ಹುಲಕೋಟಿಯವರು ಮುಖ್ಯ ರಸ್ತೆ ಬೇಡ, ಒಂದೂವರೆ ಕಿ.ಮೀ. ಒಳಗೆ ಬಿಡಿ ಎನ್ನುತ್ತಾರೆ. ಹೋಗಿ ಬರಲು 3 ಕಿ.ಮೀ., 45 ರೂಪಾಯಿ. ಗದಗದವರಿಗೆ 8 ನಿಮಿಷ ಹೋಯಿತು. ಸಮೀಕ್ಷೆಯಲ್ಲಿ ನಿಮಿಷಕ್ಕೆ 2 ರೂಪಾಯಿ ಸಿಕ್ಕಿದ್ದರೆ 16. ಹುಲಕೋಟಿಯವರು 270ರ ಮೇಲೆ 61 ಸೇರಿಸಿ 331 ಕೊಡುತ್ತಾರೆ, ಗದಗದವರಿಗೆ 450ರಲ್ಲಿ 16 ಕಡಿತವಾಗಿ 434. ಅಣ್ಣಿಗೇರಿಯವರು ಆಗಲೇ ಇಳಿದಿದ್ದಾರೆ, ಅವರಿಗೆ 180. ಕೂಡಿದರೆ 945, ಖರ್ಚಿಗೆ ಸರಿಹೊಂದಿತು. ಈ 61 ರೂಪಾಯಿಯನ್ನು ಬುಕ್ ಮಾಡುವಾಗಲೇ ತೋರಿಸಿ. ಅರ್ಧಕ್ಕರ್ಧ ಜನ "ಹಂಗಾರ ರೋಡಿಗೇ ಬಿಡ್ರಿ" ಎಂದರೆ ಆಶ್ಚರ್ಯವಿಲ್ಲ. ತೋರಿಸದೆ ಎಲ್ಲರ ದರಕ್ಕೆ ಸವರಿದರೆ ಎಲ್ಲರಿಗೂ ಮನೆ ಬಾಗಿಲೇ ಬೇಕು.

ಅದೇ ಒಳದಾರಿ ಹಕ್ಕಿನ ಗೂಡಿನಿಂದ ಬಂದಿದ್ದರೆ, ಮೊಣಕಾಲು ಬಗ್ಗದ ಅಜ್ಜಿ ಎನ್ನಿ, ಅವರ ಬಿಲ್ಲು 270ರಲ್ಲೇ ನಿಲ್ಲಬೇಕು. 61 ಬರುವುದು ಸಾಮಾನ್ಯ ನಿಧಿಯಿಂದ. ಪ್ರತಿ ಸೀಟಿಗೆ ಪ್ರತಿ ಸವಾರಿಗೆ 3 ರೂಪಾಯಿ ಎತ್ತಿದರೆ, 50 ಜನ ತಿಂಗಳಿಗೆ 22 ದಿನ ಹೋಗಿ ಬಂದು 6600 ಆಗುತ್ತದೆ. ಇಂಥ ನೂರಕ್ಕೂ ಹೆಚ್ಚು ಒಳದಾರಿಗಳಿಗೆ ಸಾಕು. ಇಪ್ಪತ್ತೇಳನೇ ತಾರೀಖಿಗೆ ನಿಧಿ ತೀರಿತು ಎಂದು ಅಜ್ಜಿಯನ್ನು ರಸ್ತೆಗೆ ಇಳಿಸಬೇಡಿ. ಈ ತಿಂಗಳ ಕೊರತೆ ನಿಮ್ಮದು, ಮುಂದಿನ ತಿಂಗಳಿಂದ 4 ರೂಪಾಯಿ ಮಾಡಿ.

ಕಾರು ತುಂಬಿಸುವುದು

ಬೆಳಗಿನ ಸವಾರಿಯ ಬುಕಿಂಗನ್ನು ಹಿಂದಿನ ರಾತ್ರಿ 9ಕ್ಕೆ ಮುಚ್ಚಿ, 9.30ಕ್ಕೆ ಎಲ್ಲರಿಗೂ ಕಾರು, ಸೀಟು, ಸಮಯ ತಿಳಿಸಿ. ಬಂದ ಹಾಗೆ ತುಂಬಿಸುತ್ತ ಹೋದರೆ ಬೇಗ ಬುಕ್ ಮಾಡಿದವರಿಗೆ ಒಳ್ಳೆಯ ಕಾರು, ಕೆಲಸ ಮುಗಿಸಿ ರಾತ್ರಿ ಎಂಟೂವರೆಗೆ ಫೋನ್ ಹಿಡಿಯುವವರಿಗೆ ಉಳಿದದ್ದು. ಹನ್ನೆರಡು ಜನರನ್ನು ನಾಲ್ವರಂತೆ ಮೂರು ಕಾರಿಗೆ ಹಂಚಲು 5775 ರೀತಿಗಳಿವೆ, ಕಂಪ್ಯೂಟರು ಒಂದನ್ನೂ ಬಿಡದೆ ಕ್ಷಣದಲ್ಲಿ ನೋಡುತ್ತದೆ. ಹದಿನಾರು ಜನ, ನಾಲ್ಕು ಕಾರಾದರೆ 26 ಲಕ್ಷ ದಾಟುತ್ತದೆ. ಆಗ 7.30ರ ಗುಂಪು, 8.15ರ ಗುಂಪು ಎಂದು ಒಡೆಯಿರಿ.

ಮೊದಲು ಹಕ್ಕು ಮತ್ತು ಗಡುವು ತಪ್ಪುವ ಜೋಡಣೆಗಳನ್ನು ಎತ್ತಿ ಹೊರಗಿಡಿ. ಉಳಿದವುಗಳಲ್ಲಿ ಯಾರಿಗೂ ನೇರ ಪ್ರಯಾಣಕ್ಕಿಂತ 12 ನಿಮಿಷಕ್ಕೆ ಮೀರಿ ಹೆಚ್ಚಾಗದಂಥವನ್ನು ಇಟ್ಟುಕೊಳ್ಳಿ. ಒಟ್ಟು ನಿಮಿಷ ಕಡಿಮೆ ಇರುವುದನ್ನು ಆರಿಸಿದರೆ ಮುಗಿಯಿತಲ್ಲ ಎಂದು ಇಲ್ಲಿಗೇ ಬಿಡುವವರು ಬಹಳ. ಒಟ್ಟು ಕಡಿಮೆ ಮಾಡುವ ಯಂತ್ರಕ್ಕೆ ಬಲಿ ಕೊಡಲು ದಿನಾ ಅದೇ ಒಬ್ಬರು ಸಿಗುತ್ತಾರೆ: ಬಡಾವಣೆಯ ಕೊನೆಯ ಮನೆಯವರು. ಇವತ್ತು 11 ನಿಮಿಷ, ನಾಳೆ 11, ನಾಡಿದ್ದೂ 11.

ಅದಕ್ಕೆ ಪ್ರತಿಯೊಬ್ಬರ ಹೆಸರಿಗೂ ಒಂದು ತ್ರಾಸಿನ ಖಾತೆ ತೆರೆಯಿರಿ. ನೇರ ಹೋಗುವುದಕ್ಕಿಂತ ಹೆಚ್ಚಾದ ಪ್ರತಿ ನಿಮಿಷಕ್ಕೆ 1 ಅಂಕ. ಹೇಳಿದ ಸಮಯ ಮೀರಿ ನಿಲ್ದಾಣದಲ್ಲಿ ಕಾದ ಪ್ರತಿ ನಿಮಿಷಕ್ಕೆ 2, ಯಾಕೆಂದರೆ ಕಾರಿನಲ್ಲಿ ಕೂತ ನಿಮಿಷಕ್ಕೂ ಬಿಸಿಲಲ್ಲಿ ನಿಂತ ನಿಮಿಷಕ್ಕೂ ವ್ಯತ್ಯಾಸವಿದೆ. ಈಡೇರದ ಒಂದು ರುಚಿಗೆ 3. ಇಬ್ಬರಿಗೂ ಶುಕ್ರವಾರ ಮುಂದಿನ ಸೀಟು ಬೇಕು, ಒಬ್ಬರ ಖಾತೆಯಲ್ಲಿ 17, ಇನ್ನೊಬ್ಬರದು 6. ಸೀಟು 17ರವರಿಗೆ. ಯಾರನ್ನು ಮೊದಲು ಇಳಿಸಬೇಕು, ಯಾರ ನಿಲ್ದಾಣವನ್ನು ಸುತ್ತಿನಲ್ಲಿ ಸೇರಿಸಬೇಕು ಎಂಬಲ್ಲೂ ಇದೇ. ಪ್ರತಿ ಭಾನುವಾರ ಎಲ್ಲರ ಅಂಕ ಅರ್ಧ ಮಾಡಿ, ಇಲ್ಲದಿದ್ದರೆ ಜೂನ್ ತಿಂಗಳ ಒಂದು ಪಂಕ್ಚರ್ ದೀಪಾವಳಿ ತನಕ ಸೀಟು ಕೊಡಿಸುತ್ತದೆ. ಮೇಲಿನ 16 ರೂಪಾಯಿಯ ಹಾಗೆ ದುಡ್ಡಿನಲ್ಲಿ ಪರಿಹಾರ ಪಡೆದ ನಿಮಿಷಗಳಿಗೆ ಮತ್ತೆ ಅಂಕ ಕೊಡಬೇಡಿ. ಒಂದೇ ತ್ರಾಸಿಗೆ ಎರಡು ಸಲ ತೀರಿಸುವ ತಪ್ಪು ಸ್ಪ್ರೆಡ್‌ಶೀಟಿನಲ್ಲಿ ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ.

ಹೆಂಗಸರ ಕಾರಿನ ವಿಷಯ ಬೇರೆಯೇ ಬಿಡಿಸಿ ನೋಡಬೇಕು. ಹನ್ನೆರಡರಲ್ಲಿ ಮೂವರು ಹೆಂಗಸರಿದ್ದು ಮೂವರೂ "ಹೆಂಗಸರು ಮಾತ್ರ" ಎಂದರೆ ಒಂದು ಸೀಟು ಖಾಲಿ ಓಡುತ್ತದೆ. ಅದರ ಬೆಲೆ ನಿಧಿಯದು, ಆ ಮೂವರದಲ್ಲ. ಮೂವರ ಸಮಯವೂ ಒಂದೇ ಆಗದಿದ್ದರೆ ಕಾಯುವುದು ಅವರೇ, ಅಂದರೆ ದುಡ್ಡು ತೆಗೆದುಕೊಳ್ಳದೆಯೂ ನೀವು ದಂಡ ಹಾಕಿದ್ದೀರಿ. ಅದರ ಪಕ್ಕದಲ್ಲೇ "ಕಾರಿನಲ್ಲಿ ಇನ್ನೊಬ್ಬ ಹೆಂಗಸಾದರೂ ಇರಬೇಕು" ಎಂಬ ಎರಡನೇ ಆಯ್ಕೆ ಇಡಿ. ಎಷ್ಟೋ ಜನಕ್ಕೆ ಬೇಕಾದದ್ದು ಅಷ್ಟೇ. ನಾಲ್ಕನೇ ಸೀಟೂ ತುಂಬುತ್ತದೆ, ಕಾಯುವುದೂ ಇಳಿಯುತ್ತದೆ. ದಾರಿಯಲ್ಲಿ ಆ ಇನ್ನೊಬ್ಬರು ಮೊದಲು ಇಳಿದುಬಿಟ್ಟರೆ ಮಾತು ಮುರಿದಂತೆ, ಆದ್ದರಿಂದ ಈ ಷರತ್ತನ್ನು ಹತ್ತುವಾಗ ಮಾತ್ರವಲ್ಲ, ಪ್ರತಿ ತುಂಡಿನಲ್ಲೂ ಪರೀಕ್ಷಿಸಿ.

ಗಾಲಿಕುರ್ಚಿಯ ಬಗ್ಗೆ ಒಂದು ಮಾತು. ಸಿಎನ್‌ಜಿ ಕಾರುಗಳಲ್ಲಿ ಡಿಕ್ಕಿಯ ಜಾಗವನ್ನು ಸಾಮಾನ್ಯವಾಗಿ ಸಿಲಿಂಡರ್ ನುಂಗಿರುತ್ತದೆ, ಮಡಚಿದ ಕುರ್ಚಿಯೂ ಹಿಡಿಸದು. ಪ್ರತಿ ಹೊತ್ತಿಗೂ ಡಿಕ್ಕಿ ಖಾಲಿ ಇರುವ ಒಂದಾದರೂ ಗಾಡಿ ಇರಲಿ. ಕುರ್ಚಿಯನ್ನು ನಿಜವಾಗಿ ಮಡಚಿ, ಇಟ್ಟು, ಮುಚ್ಚಿ ನೋಡಿ, ಅಳತೆ ಪಟ್ಟಿಯನ್ನು ನಂಬಬೇಡಿ.

ತಡ ಮತ್ತು ಗೈರು

"ಬಂದೆ ರೀ, ಚಪ್ಪಲ್ ಹಾಕ್ಕೊಳಾಕತ್ತೀನಿ" ಎಂದರೆ ಏಳು ನಿಮಿಷ. ತಡಕ್ಕೆ ದಂಡ ಹಾಕಬೇಕೆಂದು ಎಲ್ಲರಿಗೂ ಅನಿಸುತ್ತದೆ. ಇಸ್ರೇಲಿನ ಹೈಫಾದಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪಾಲಕರಿಗೆ ಶಿಶುವಿಹಾರಗಳು ಸಣ್ಣ ದಂಡ ಹಾಕಿದಾಗ ತಡ ಹೆಚ್ಚಾಯಿತು ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಮೊದಲು ನಾಚಿಕೆ ಇತ್ತು, ಆಮೇಲೆ ದುಡ್ಡು ಕೊಟ್ಟಾಯಿತಲ್ಲ ಎಂಬ ಧೈರ್ಯ ಬಂತು. ಶೇರ್ ಕಾರಿಗೆ ಸರಿಯಾದ ನಿಯಮ ಮೂರು ನಿಮಿಷ ಕಾದು ಹೊರಡುವುದು. ಮೊದಲ ವಾರ ಮನಸ್ತಾಪವಾಗುತ್ತದೆ, ಆಗಲಿ. ಹಕ್ಕಿನ ಗೂಡಿನವರಿಗೆ ಎಂಟು ನಿಮಿಷ, ಅದನ್ನು ಸಮಯಪಟ್ಟಿಯಲ್ಲೇ ಸೇರಿಸಿ.

ಗೈರಿನ ಖರ್ಚು ಉಳಿದವರ ಮೇಲೆ ಸದ್ದಿಲ್ಲದೆ ಬೀಳುತ್ತದೆ. ಮೇಲಿನ ಕಾರಿನಲ್ಲಿ ಅಣ್ಣಿಗೇರಿಯವರು ಬರದಿದ್ದರೆ 48 ಕಿ.ಮೀ.ಗಳ 720 ಇಬ್ಬರಿಗೆ ಒಡೆದು ಹುಲಕೋಟಿಯವರಿಗೆ 360, ಗದಗದವರಿಗೆ 540 ಆಗುತ್ತದೆ. ತಲೆಗೆ 90 ಹೆಚ್ಚು, ತಪ್ಪಿಲ್ಲದೆ. ರಾತ್ರಿ 9ರೊಳಗೆ ರದ್ದಾದರೆ ಹೊಸ ಜೋಡಣೆಯಲ್ಲಿ ಸರಿಪಡಿಸಬಹುದು, ಬಾಡಿಗೆ ಬೇಡ. ಆಮೇಲೆ ರದ್ದಾದರೆ ಬರದವರ ಪಾಲು 180 ಅವರದೇ. ಆಸ್ಪತ್ರೆ, ಸಾವು-ನೋವು ಇದ್ದರೆ ನಿಧಿಯಿಂದ ಕೊಡಿ, ಪತ್ರ ಕೇಳಬೇಡಿ. ತಿಂಗಳಿಗೆ ಎರಡು ಸಲ ಎಂಬ ಮಿತಿ ಸಾಕು.

ಚಾಲಕ

ಬಾಡಿಗೆಯ ಮೇಲೆ ಶೇಕಡಾವಾರು ಕೊಟ್ಟರೆ ಒಳದಾರಿ, ಗಾಲಿಕುರ್ಚಿ, ಕಾಯುವುದು ಎಲ್ಲವೂ ಚಾಲಕನಿಗೆ ನಷ್ಟ, ಆಗ ಕಾಗದದ ಮೇಲಿನ ಹಕ್ಕು ಕಾರಿನ ಬಾಗಿಲಲ್ಲೇ ಸಾಯುತ್ತದೆ. ಗಂಟೆಗೆ ಕೂಲಿ ಕೊಡಿ. ಖಾಲಿ ಓಡಿದ ದೂರವೂ ಲೆಕ್ಕಕ್ಕೆ ಬರಲಿ. ಉದ್ದ ದಾರಿ, ಗಿಡ್ಡ ದಾರಿಗಳನ್ನು ಪಾಳಿಯಲ್ಲಿ ತಿರುಗಿಸಿ. ದಿನದ ಕೊನೆಯ ಸವಾರಿ ಅವರ ಮನೆ ಕಡೆಗೆ ಇರಲಿ. ಐದು ನಕ್ಷತ್ರದ ರೇಟಿಂಗ್ ಇಪ್ಪತ್ತು ಜನರ ಸೇವೆಯಲ್ಲಿ ಅರ್ಥವಿಲ್ಲದ್ದು, ಒಬ್ಬರ ಸಿಟ್ಟು ಸರಾಸರಿಯನ್ನು ಕೆಡಿಸುತ್ತದೆ. "ಸಮಯಕ್ಕೆ ಬಂತೇ? ವೇಗ ಸರಿ ಇತ್ತೇ?" ಎಂದು ಹೌದು-ಅಲ್ಲದ ಎರಡು ಪ್ರಶ್ನೆ ಸಾಕು.

ತಿಂಗಳಿಗೊಮ್ಮೆ ನೋಡಬೇಕಾದ ಹಾಳೆ

ಸರಾಸರಿ ಕಾಯುವ ಸಮಯ 4 ನಿಮಿಷ ಎಂದು ಖುಷಿಪಡುವ ಮುನ್ನ ಅದನ್ನು ಒಡೆದು ನೋಡಿ: ಹೆಂಗಸರ ಆಯ್ಕೆ ಬಳಸಿದವರು, ಅರವತ್ತು ದಾಟಿದವರು, ಫೋನ್ ಕರೆಯಲ್ಲಿ ಬುಕ್ ಮಾಡಿದವರು, ಕೊನೆಯ ನಿಲ್ದಾಣದವರು. ಪ್ರತಿ ಗುಂಪಿನಲ್ಲೂ ಸರಾಸರಿ ಒಂದು, ಅತಿ ಹೆಚ್ಚು ಕಾದ ಹತ್ತರಲ್ಲೊಬ್ಬರ ಸಮಯ ಇನ್ನೊಂದು. ಯಾವ ಗುಂಪಿನದ್ದಾದರೂ ಎಲ್ಲರದಕ್ಕಿಂತ ಒಂದೂವರೆ ಪಟ್ಟು ದಾಟಿದರೆ ಸಮಯಪಟ್ಟಿಯನ್ನೋ ಗಾಡಿಯ ಸಂಖ್ಯೆಯನ್ನೋ ಬದಲಾಯಿಸಿ.

ಇನ್ನೊಂದು ಕಾಲಂ ಕಡ್ಡಾಯ: ಕಾರೇ ಸಿಗದವರು. ಸವಾರಿ ಮಾಡಿದವರ ಸಮಯವನ್ನಷ್ಟೇ ಎಣಿಸಿದರೆ, ಕಾರು ಸಿಗದೆ ಬಸ್ಸಿಗೆ ಹೋದವರು ಲೆಕ್ಕದಿಂದಲೇ ಮಾಯವಾಗುತ್ತಾರೆ, ಸೇವೆ ಹದಗೆಟ್ಟಷ್ಟೂ ಸರಾಸರಿ ಚೆಂದ ಕಾಣುತ್ತದೆ. ಬುಕ್ ಮಾಡಿ ಸಿಗದವರು ಎಷ್ಟು, ಎರಡು ವಾರದಿಂದ ಬುಕ್ ಮಾಡುವುದನ್ನೇ ಬಿಟ್ಟವರು ಎಷ್ಟು ಎಂದು ಬರೆಯಿರಿ. ಬಿಟ್ಟವರಿಗೆ ಫೋನ್ ಮಾಡಿ. ಸಂಜೆ ಏಳರ ಮೇಲೆ ಮಾಡಿ, ಅದಕ್ಕೂ ಮೊದಲು ಅವರು ಬಸ್ಸಿನ ಗದ್ದಲದಲ್ಲಿರುತ್ತಾರೆ.